ಟೇಬಲ್ ಫ್ಯಾನಿನ ಗಾಳಿ

"ನೀ ಬಿ.ಎಸ್ಸಿ. ಪಾಸಾದ್ರ ಬಳ್ಳಾರಿಗೆ ಸಮುದ್ರ ಬರ್ತೈತಿ ಬಿಡಲೇ!" ಸಿರುಗುಪ್ಪದ ನಮ್ಮ ಕಟ್ಟೆಯ ಮೇಲೆ ಕೂತು ಹೀಗೆ ನಕ್ಕವರು ನನ್ನ ಸೋದರಮಾವ. ಫೇಲಾದರೆ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸ ಅವರೇ ಗೊತ್ತುಮಾಡಿಟ್ಟಿದ್ದರು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ.

ಮೊನ್ನೆ ಪರಿಚಯದವರ ಮನೆಯಲ್ಲಿ ಹವಳ, ಬಣ್ಣದ ಮೀನು ಸಾಕಿದ ಗಾಜಿನ ತೊಟ್ಟಿಯ ಮುಚ್ಚಳ ತೆಗೆದರು. ಉಪ್ಪುನೀರಿನ ವಾಸನೆ ಗಪ್ಪನೆ ಬಡಿಯಿತು. ಗಾರ್ಡ್ ಸಾಹೇಬರು ನೆನಪಾದರು... ನಾನು ಬೇಗ ಎದ್ದು ಬಂದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅವರ ಹಿತ್ತಲಿನ ತಗಡಿನ ಕೋಣೆಯಲ್ಲಿ ಬಾಡಿಗೆಗಿದ್ದು ನಾನು ಬಿ.ಎಸ್ಸಿ. ಓದುತ್ತಿದ್ದೆ. ರೈಲ್ವೆ ಗಾರ್ಡ್ ಆಗಿ ನಿವೃತ್ತರು, ಒಂಟಿ. ಹಳೇ ಜೊತೆಗಾರರು ಗೋವಾದ ವಾಸ್ಕೋ ಗಾಡಿಯಲ್ಲಿ ಕ್ಯಾನುಗಟ್ಟಲೆ ಸಮುದ್ರದ ನೀರು ತಂದುಕೊಡುತ್ತಿದ್ದರು. ಸಾಹೇಬರ ಗಾಜಿನ ತೊಟ್ಟಿಗೆ ಹಾಗೆಯೇ ಬಂದಿದ್ದವು ಒಂದು ಮುಷ್ಟಿ ಗಾತ್ರದ ಜೀವಂತ ಹವಳ, ಎರಡು ಪಟ್ಟೆ ಮೀನು.

"ನೀರು ಎಷ್ಟು ತಣ್ಣಗಿರಬೇಕ್ರಿ?" ಎಂದು ಕೇಳಿದ್ದೆ.

"ತಣ್ಣಗಲ್ಲೋ ತಮ್ಮಾ. ಇವು ಹುಟ್ಟಿದ ನೀರು ಎಷ್ಟು ಬೆಚ್ಚಗಿರ್ತೈತಿ, ಅಷ್ಟ. ಇಪ್ಪತ್ತೇಳು ಡಿಗ್ರಿ. ಏರಬಾರದು, ಒಮ್ಮೆಲೆ ಇಳೀಲೂಬಾರದು."

ಅದಕ್ಕೇ ಐಸ್ ಹಾಕುತ್ತಿರಲಿಲ್ಲ. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ನೀರಿನ ಮೇಲೆ ಬೀಸುವಂತೆ ಇಟ್ಟಿದ್ದರು. ಗಾಳಿಗೆ ನೀರು ಆವಿಯಾದಷ್ಟೂ ತೊಟ್ಟಿ ತಂಪು. ಕಡಿಮೆಯಾದಷ್ಟು ಸಿಹಿನೀರು ಸುರಿಯುವರು; ಉಪ್ಪು ಆವಿಯಾಗಿ ಹೋಗುವುದಿಲ್ಲವಲ್ಲ. ತಾವು ಮಾತ್ರ ಬನಿಯನ್ ಹಿಂಡುತ್ತ ಕೂಡುವರು.

ಕೊನೆಯ ವರ್ಷದ ಪರೀಕ್ಷೆಗೆ ಎರಡು ದಿನವಿತ್ತು. ಬಳ್ಳಾರಿ ಬಿಸಿಲಿಗೆ ತಗಡಿನ ಕೋಣೆ ಒಲೆಯಾಗಿತ್ತು. ಓದುತ್ತಿದ್ದವನಿಗೆ ಕಣ್ಣು ಕತ್ತಲೆ ಬಂದು ಬಿದ್ದೆ. ಸಾಹೇಬರು ಎತ್ತಿ ತಂದು ತೊಟ್ಟಿಯಿದ್ದ ಪಡಸಾಲೆಯಲ್ಲಿ ಮಲಗಿಸಿ, ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

"ಮೀನಿಗೆ ತ್ರಾಸ ಆಗ್ತೈತ್ರಿ..." ಎಂದೆ.

"ಮೀನಿಗೇನು ಪರೀಕ್ಷಾ ಐತೇನಲೇ? ನೀ ಓದು."

ಓದಲಿಲ್ಲ. ಆ ಗಾಳಿಗೆ ಸುಖವಾಗಿ ನಿದ್ದೆ ಬಂತು. ಎಚ್ಚರವಾದಾಗ ಅವರು ತೊಟ್ಟಿಯ ಮೇಲೆ ಬಾಗಿ ಬೀಸಣಿಗೆಯಿಂದ ನೀರಿಗೆ ಗಾಳಿ ಹಾಕುತ್ತಿದ್ದರು. ಥರ್ಮಾಮೀಟರಿನ ಕೆಂಪು ಗೆರೆ ಮೂವತ್ತು ದಾಟಿತ್ತು. ಕೈ ಸೋತರೆ ಬೀಸಣಿಗೆಯನ್ನು ಇನ್ನೊಂದು ಕೈಗೆ ಬದಲಿಸುವರು. ನಾನು ಏಳಲಿಲ್ಲ, ಮತ್ತೆ ಕಣ್ಣು ಮುಚ್ಚಿಕೊಂಡೆ.

ಪರೀಕ್ಷೆ ಮುಗಿಯುವವರೆಗೂ ಫ್ಯಾನು ನನ್ನ ಕಡೆಗೇ ಇತ್ತು. ಮೊದಲು ಹವಳ ಸುಣ್ಣದಂತೆ ಬೆಳ್ಳಗಾಯಿತು, ಆಮೇಲೆ ಮೀನು ತೇಲಿದವು. ಸಾಹೇಬರು ಬಾಗಿಲಲ್ಲಿ ನಿಂತು, "ಪೇಪರ್ ಹೆಂಗಿತ್ತು?" ಎಂದಷ್ಟೇ ಕೇಳುತ್ತಿದ್ದರು.

ಪಾಸಾದೆ. ಆ ಡಿಗ್ರಿಯ ಮೇಲೆ ಮನೆ ಕಟ್ಟಿದೆ, ತಂಗಿಯರನ್ನು ಓದಿಸಿದೆ. ನನಗೆ ಹೆಮ್ಮೆ ಇದೆ, ಸುಳ್ಳೇಕೆ ಹೇಳಲಿ. ಆದರೆ ಫ್ಯಾನಿನ ಮುಂದೆ ಕೂತರೆ ಇಂದಿಗೂ ಮೈ ಕುಗ್ಗುತ್ತದೆ. ಸಾಹೇಬರು ಈಗಿಲ್ಲ, ಅವ್ವನೂ ಇಲ್ಲ. ಯಾರ ಮುಂದೆ ಹೇಳಿಕೊಳ್ಳಲಿ...

ಸರ್ಟಿಫಿಕೇಟ್ ಬಂದ ದಿನ ಅವ್ವನನ್ನು ಕರೆದುಕೊಂಡು ಹೋಗಿ ಅದನ್ನು ಮೊದಲು ಸಾಹೇಬರ ಕೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ಓದುತ್ತಿದ್ದರು. ಅವ್ವ ಏನೂ ಅರಿಯದೆ ಮೂಲೆಯ ತೊಟ್ಟಿಯನ್ನು ಸವರಿ ನೋಡಿದಳು.

"ಗಾಜಿನ ಪೆಟಿಗಿ ಎಷ್ಟ್ ಚೆಂದ ಐತ್ರಿ ಅಣ್ಣಾ! ಖಾಲಿ ಯಾಕ ಇಟ್ಟೀರಿ? ಇದರಾಗ ಏನಾರ ಸಾಕ್ರಿ."