ಮೂರೂರ ಗಡಿಕಲ್ಲಿಗೆ ಅಭಿಷೇಕ

ಕೊರೋನಾ ಕಳೆದ ಮರುವರ್ಷದ ಮಾತು. ಮಾಗಡಿ ಸೀಮೆಯಲ್ಲಿ ನಾನು ಭೂಮಾಪನ ಪರ್ಯವೇಕ್ಷಕಿ. ಅಂದರೆ ಸರ್ವೇಯರುಗಳು ಅಳೆದು ತಂದದ್ದನ್ನು ತಾಳೆ ನೋಡಿ ವರದಿ ಬರೆದು ಸಹಿ ಹಾಕುವವಳು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅಷ್ಟು ಬೆಟ್ಟಗುಡ್ಡ ಹತ್ತಿಳಿದ ಮೇಲೆ ನನ್ನ ಲೆಕ್ಕ ತಪ್ಪುವುದಿಲ್ಲ ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಇದೆ.

ರಾಮನಗರ ತಾಲ್ಲೂಕಿನ ಗಡಿಗೆ ಅಂಟಿಕೊಂಡ ಒಂದು ಬಂಡೆಬೆಟ್ಟದ ಬುಡದಲ್ಲಿ ಜಮೀನು ಕೊಂಡವರೊಬ್ಬರು ತಂತಿಬೇಲಿ ಹಾಕಿಸಿದರು. ಬೆಟ್ಟದ ಹಿಂದಿನ ಊರಿನವರು ತಮ್ಮ ದಾರಿ ಮುಚ್ಚಿಹೋಯಿತೆಂದು ಅರ್ಜಿ ಕೊಟ್ಟರು. ನಾನು ಆ ಜಮೀನಿರುವ ಗ್ರಾಮದ ನಕಾಶೆ ತೆಗೆದು ನೋಡಿದೆ. ದಾರಿಯ ಚುಕ್ಕೆಗೆರೆ ಇತ್ತು, ಆದರೆ ಬೆಟ್ಟದ ಬುಡದಲ್ಲಿ ನಿಂತಿತ್ತು. ದನ ಮೇಯಿಸಲು ಹೋಗುವ ಜಾಡು ಇರಬೇಕು, ಊರಿಂದೂರಿಗೆ ಹೋಗುವ ದಾರಿಯಲ್ಲ ಎಂದು ಬರೆದು ಸಹಿ ಹಾಕಿದೆ. ಗ್ರಾಮ ನಕಾಶೆಯಲ್ಲಿ ಆ ಗ್ರಾಮದ ಗಡಿಯಾಚೆ ಏನನ್ನೂ ಬರೆದಿರುವುದಿಲ್ಲ, ಬರೀ ಖಾಲಿ ಕಾಗದ. ಇದು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತ ಪಾಠ. ಆ ದಿನ ಅದು ನನಗೆ ನೆನಪಾಗಲಿಲ್ಲ.

ವಾರ ಕಳೆದ ಮೇಲೆ ಹಿಂದಿನ ಊರಿನ ಜಯಮ್ಮ ಕಚೇರಿಗೆ ಬಂದರು. ರೇಷ್ಮೆ ಸಾಕುವವರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು.

"ದಾರಿ ಬೆಟ್ಟುದ್ ತಾವ್ಲೇ ನಿಂತೋಯ್ತದೆ ಅಂತ ಬರ್ದಿದ್ದೀರಂತೆ ಮೇಡಂನೋರೆ. ನಾನು ಮದ್ವೆಯಾಗಿ ಗಾಡೀಲಿ ಬಂದಿದ್ದು ಅದೇ ದಾರೀಲಿ. ಬಂಡೆ ಒಳಿಕ್ಕೆ ಓದ್ನಾ?"

ನನಗೆ ನಗು ಬಂತು, ಅವರು ನಗಲಿಲ್ಲ. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದಿವೆ, ಹನ್ನೆರಡು ದಿನಕ್ಕೆ ಗೂಡು ಬಿಡಿಸಬೇಕು ಎಂದರು. ಇನ್ನೊಂದು ದಾರಿ ಬೆಟ್ಟ ಸುತ್ತಿ ಹನ್ನೊಂದು ಕಿಲೋಮೀಟರ್, ಪೂರಾ ಕಲ್ಲುಗುಂಡಿ. ಕುಲುಕಿದರೆ ಒಳಗಿನ ಹುಳು ಒಡೆದು ಗೂಡಿಗೆ ಕಲೆ ಬೀಳುತ್ತದೆ. ಅಂಥ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲ.

"ಈ ದಾರಿ ಓದ್ರೆ ನಾನು ರೇಷ್ಮೆ ಬುಡಬೇಕಾಯ್ತದೆ, ಅಷ್ಟೆಯ. ಒಂದ್ಸಲ ಆಚೆ ಕಡೀಕೆ ಬಂದು ನೋಡಿ."

ಅರ್ಜಿಯ ವಿಚಾರಣೆಗೆ ಎಂಟು ದಿನ ಉಳಿದಿತ್ತು. ಪಕ್ಕದ ತಾಲ್ಲೂಕಿಗೆ ಹೋಗಿ ಅಲ್ಲಿನ ಎರಡು ಗ್ರಾಮಗಳ ನಕಾಶೆ ತಂದೆ. ಮೂರನ್ನೂ ನೆಲದ ಮೇಲೆ ಅಂಚಿಗೆ ಅಂಚು ಸೇರಿಸಿ ಹಾಸಿದೆ. ಒಂದರಲ್ಲಿ ನಿಂತ ಗೆರೆ ಇನ್ನೊಂದರಲ್ಲಿ ಮುಂದುವರಿದು, ಬೆಟ್ಟ ಬಳಸಿ, ಜಯಮ್ಮನ ಊರಿಗೆ ಮುಟ್ಟುತ್ತಿತ್ತು. ಆದರೆ ಬೇಲಿಯ ಕಡೆಯ ವಕೀಲರು ಕಾಗದ ಜೋಡಿಸಿದ್ದನ್ನು ಒಪ್ಪುವವರಲ್ಲ. ಮೂರು ಊರುಗಳ ಗಡಿ ಕೂಡುವ ಮೂಲ ಕಲ್ಲು ಸಿಕ್ಕರೆ ಮಾತ್ರ ಅಲ್ಲಿಂದ ಅಳೆದು ದಾರಿಯನ್ನು ನೆಲದ ಮೇಲೆ ತೋರಿಸಬಹುದಿತ್ತು.

ಮೂರು ದಿನ ಬೆಟ್ಟದ ಸುತ್ತಲಿನ ಊರುಗಳಲ್ಲಿ ಅಲೆದೆ. ಕಲ್ಲು ಇರಬೇಕಾದ ಜಾಗದಲ್ಲಿ ಕಲ್ಲಿರಲಿಲ್ಲ, ಒಂದು ಪುಟ್ಟ ಗುಡಿ ಇತ್ತು. ಒಳಗೆ ಮೊಳದೆತ್ತರದ ಅಮ್ಮ, ಮೈತುಂಬ ಅರಿಸಿನದ ಪದರ. ಮಾರ್ಕೆಟ್ಟಿಗೆ ಹೋಗುವ ಮೊದಲು ಮೂರೂರಿನವರೂ ಹಿಡಿ ಗೂಡನ್ನು ಅಲ್ಲಿಟ್ಟು ಕೈಮುಗಿಯುತ್ತಾರಂತೆ. ಪೂಜೆ ಮಾಡುವ ಚಿಕ್ಕರಂಗಯ್ಯನವರಿಗೆ ಆ ಗಡಿಕಲ್ಲೇ ಈ ಅಮ್ಮನಾಗಿರಬಹುದೆಂದು ತಿಳಿಸಿ, ಅರಿಸಿನ ತೊಳೆದು ನೋಡಬಹುದೇ ಎಂದು ಕೇಳಿದೆ.

"ಅಮ್ಮನ್ನ ಮುಟ್ಟಂಗಿಲ್ಲ ಕಣವ್ವ," ಎಂದರು. ಎಲೆಯಡಿಕೆ ಹಾಕಿಕೊಂಡು ಒಂದು ಉಪಾಯ ಹೇಳಿದರು. "ನಾಳೀಕೆ ಸುಕ್ರವಾರ. ಅಬಿಸೇಕ ಮಾಡೋನು ನಾನು. ಒಸಿ ಜಾಸ್ತಿನೇ ನೀರು ಉಯ್ತೀನಿ. ನೀನು ನಿಂತ್ಕಂಡು ನೋಡ್ಕೊ, ಅದ್ಕೇನು ಅಡ್ಡಿ ಇಲ್ಲ."

ಶುಕ್ರವಾರ ಬೆಳಿಗ್ಗೆ ಚಪ್ಪಲಿ ಬಿಟ್ಟು ಗುಡಿಯ ಮುಂದೆ ನಿಂತೆ. ಜಯಮ್ಮ ನೀರು ಸೇದಿ ತಂದು ಕೊಟ್ಟರು, ಚಿಕ್ಕರಂಗಯ್ಯನವರು ಹೊಯ್ದರು. ಒಂಬತ್ತನೇ ಬಿಂದಿಗೆಗೆ ಅರಿಸಿನ ಹೆಪ್ಪುಹೆಪ್ಪಾಗಿ ಕಳಚಿ, ನೆತ್ತಿಯ ಮೇಲೆ ಉಳಿಯಿಂದ ಕೊರೆದ, ಎರಡು ಗೆರೆ ಅಡ್ಡ ಹಾಯ್ದ ಕತ್ತರಿ ಗುರುತು ಕಾಣಿಸಿತು. ನಮ್ಮ ಇಲಾಖೆಯ ಹಳೆಯ ಗುರುತು ಅದು. ಸುತ್ತಲ ಗಡಿಕಲ್ಲುಗಳನ್ನೆಲ್ಲ ಜನ ಕಿತ್ತು ಹೊಲದ ತೆವರಿಗೋ ಮನೆಯ ಪಾಯಕ್ಕೋ ಹಾಕಿಕೊಂಡಿದ್ದರು; ಇದೊಂದು ದೇವರಾದ್ದರಿಂದ ಉಳಿದಿತ್ತು. ನಾನೂ ಕೈಮುಗಿದೆ. ಅಲ್ಲಿಂದ ಅಳೆದಾಗ ನಕಾಶೆಗೂ ನೆಲಕ್ಕೂ ಒಂದು ಗೇಣಿನ ವ್ಯತ್ಯಾಸವೂ ಬರಲಿಲ್ಲ. ದಾರಿ ನೇರವಾಗಿ ಆ ಬೇಲಿಯ ಒಳಗೇ ಹಾದುಹೋಗಿತ್ತು. ಹಾಗೆಂದು ಎರಡನೇ ವರದಿ ಬರೆದೆ.

ಮೊದಲ ವರದಿಯ ತಪ್ಪನ್ನು ಕಿರಿಯ ಸರ್ವೇಯರನ ತಲೆಗೆ ಕಟ್ಟಿಬಿಡಿ ಎಂದು ಕಚೇರಿಯಲ್ಲಿ ಒಬ್ಬರು ಸಲಹೆ ಕೊಟ್ಟರು. ಮನಸ್ಸು ಒಂದು ಗಳಿಗೆ ಅತ್ತ ವಾಲಿದ್ದು ಸುಳ್ಳಲ್ಲ. ವಿಚಾರಣೆಯ ದಿನ ಅಧಿಕಾರಿ ಎರಡು ವರದಿಗಳನ್ನೂ ಮುಂದಿಟ್ಟುಕೊಂಡು, "ಇದರಲ್ಲಿ ಮೊದಲನೆಯದು ಯಾರದು?" ಎಂದು ಕೇಳಿದರು.

"ನನ್ನದೇ ಸರ್. ಪಕ್ಕದ ಊರುಗಳ ನಕಾಶೆ ನೋಡದೆ ಬರೆದೆ. ಅದು ತಪ್ಪು, ಎರಡನೆಯದು ಸರಿ."

ಅದನ್ನೇ ಬರೆದು ಕೆಳಗೆ ಸಹಿ ಹಾಕಿ ಕೊಟ್ಟೆ. ದಾರಿ ಬಿಡಿಸಿ ಆದೇಶವಾಯಿತು. ಜಯಮ್ಮ ಗೂಡು ಸಾಗಿಸುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಬೇಲಿ ಇದ್ದ ಜಾಗದಲ್ಲಿ ಗೂಡ್ಸ್ ಆಟೋ ನಿಧಾನವಾಗಿ ದಾಟುವಾಗ ನನ್ನ ಕಣ್ಣು ತುಂಬಿತು.

ಈಗ ಹೊಸ ಸರ್ವೇಯರುಗಳಿಗೆ ಪಾಠ ಹೇಳಲು ಆಗಾಗ ಕರೆಯುತ್ತಾರೆ. ಬೆಟ್ಟದ ಸೀಮೆಯಲ್ಲಿ ಅಳೆಯುವವರು ಪಕ್ಕದ ಊರಿಗೂ ಕಾಲಿಡಬೇಕು ಎಂದು ಹೇಳಿ, ಮೊದಲು ನನ್ನ ತಪ್ಪು ವರದಿಯ ಪ್ರತಿಯನ್ನೇ ಅವರ ಕೈಗೆ ಕೊಡುತ್ತೇನೆ. ಸರ್ವಿಸ್ಸಿನಲ್ಲಿ ಸಾವಿರಾರು ಸಹಿ ಹಾಕಿದ್ದೇನೆ. ಎದೆಯುಬ್ಬಿಸಿ ತೋರಿಸಬಹುದಾದ ಸಹಿ ಯಾವುದು ಎಂದು ಕೇಳಿದರೆ, ನನ್ನದೇ ಸಹಿ ತಪ್ಪೆಂದು ಬರೆದು ಅದರ ಕೆಳಗೆ ಹಾಕಿದ್ದು.