ಡಾಕ್ಟರ ಮುಂದೆ ಹೇಳದ ಮಾತು

ಇವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಕುಡಿಯುವ ನೀರು ಕುದಿಸಿಟ್ಟು, ಇವರ ಡಬ್ಬಿಗೆ ಪಲ್ಯ ಮಾಡಿದೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದಾಗ ಎದ್ದ ವಾಸನೆಗೆ ಕೈ ನಿಂತುಬಿಟ್ಟಿತು. ಹಿಂದೆ ಕೊಂಕಣಿ ಸೀಮೆಯ ಈ ಪರ್ವರಿಯ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುತ್ತಿದ್ದ ವಿಜಯಪುರದ ಕಡೆಯವಳು ನೆನಪಾದಳು...

ಎದುರಿನ ಕಟ್ಟಡ ಏಳುತ್ತಿದ್ದಾಗ ಅವಳ ಗಂಡ ಅಲ್ಲಿ ಗಾರೆ ಕೆಲಸಕ್ಕಿದ್ದ. ಕೆಲಸದ ಜಾಗದ ತೊಟ್ಟಿಯ ನೀರನ್ನೇ ಕುಡಿಯುತ್ತಿದ್ದರು. ಒಂದು ಸಲ ಅವಳ ಮೊಣಕಾಲು, ಮಣಿಕಟ್ಟು ಊದಿಕೊಂಡವು. ವಾಯು ಎಂದು ಎಳ್ಳೆಣ್ಣೆ ತಿಕ್ಕಿದಳು, ಇಳಿಯಲಿಲ್ಲ. ಅವಳಿಗೆ ಕೊಂಕಣಿ ಬಾರದು, ಹಾಗಾಗಿ ಡಾಕ್ಟರ ಬಳಿಗೆ ನಾನೂ ಜೊತೆಗೆ ಹೋದೆ.

ಹೊಟ್ಟೆ ಹೇಗಿದೆ ಎಂದು ಅವರು ಕೇಳಿದರು.

"ಚಲೋ ಐತ್ರಿ," ಎಂದು ಅವಳು ಸೆರಗಿನ ಅಂಚು ನೋಡಿದಳು.

ತಿಂಗಳಿಂದ ಅವಳು ಹಿಟ್ಟಿನ ಕೈಯಲ್ಲೇ ಬಚ್ಚಲಿಗೆ ಓಡುತ್ತಿದ್ದದ್ದು ನನಗೆ ಗೊತ್ತಿತ್ತು. ಆದರೆ ಗಂಡಸಿನ ಮುಂದೆ ಭೇದಿಯ ಮಾತೇ? ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಬೆರಳೆತ್ತಿ ಹೊರಗೆ ಹೋಗುವುದನ್ನಷ್ಟೇ ಕಲಿಸಿದ್ದರು, ಹೆಸರು ಹೇಳುವುದನ್ನಲ್ಲ. ಚೆನ್ನಾಗಿದೆಯಂತೆ ಎಂದು ನಾನೂ ಹೇಳಿಬಿಟ್ಟೆ. ನೋವಿನ ಮಾತ್ರೆ ಹಿಡಿದು ಮನೆಗೆ ಬಂದೆವು.

ವಾರದ ಮೇಲೆ, ರೊಟ್ಟಿ ಬಡಿಯಲು ಕೂತವಳಿಗೆ ಅಂಗೈ ಊರಲೇ ಆಗಲಿಲ್ಲ. "ಈ ಕೈ ಹೋದ್ರ ನಾ ಏನ್ ಮಾಡ್ಲಿ, ಅಕ್ಕಾರ?" ಅಂದಳು. ನನ್ನ ನಾಚಿಕೆಗೆ ಅವಳು ನೋವು ತಿನ್ನುತ್ತಿದ್ದಾಳೆ ಅನಿಸಿತು. ಅವತ್ತೇ ಮತ್ತೆ ಕರೆದೊಯ್ದು, ಡಾಕ್ಟರ ಮೇಜಿನ ಮೇಲಿನ ಕ್ಯಾಲೆಂಡರ್ ನೋಡುತ್ತಾ ಎಲ್ಲ ಹೇಳಿದೆ.

ಮಲ ಪರೀಕ್ಷೆಯಲ್ಲಿ ಕರುಳಿನ ಪರಾವಲಂಬಿ ಜೀವಿ ಸಿಕ್ಕಿತು. ಅದರ ಜೊತೆ ದೇಹ ಹೋರಾಡುವಾಗ ಒಮ್ಮೊಮ್ಮೆ ಕೀಲುಗಳೂ ಊದುತ್ತವೆ ಎಂದರು ಡಾಕ್ಟರ್.

"ಹೊಟ್ಟ್ಯಾಗಿನ ಹುಳಕ್ಕ ನನ್ನ ಮೊಣಕಾಲಿನ ಉಸಾಬರಿ ಯಾಕ್ರಿ?" ಎಂದಳು. ಅದನ್ನು ಕೊಂಕಣಿಯಲ್ಲಿ ಹೇಳುವಷ್ಟರಲ್ಲಿ ನನಗೇ ನಗು ಬಂತು.

ಔಷಧಿಗೆ ಭೇದಿ ನಿಂತಿತು. ಕೆಲವು ವಾರಗಳಲ್ಲಿ ಬಾವೂ ಇಳಿದು, ಅಡುಗೆಮನೆಯಲ್ಲಿ ಪಟಪಟ ಸದ್ದು ಮತ್ತೆ ಶುರುವಾಯಿತು.

ಕಟ್ಟಡ ಮುಗಿಯಿತು. ನಾನು ತವರಿಗೆ ಹೋಗಿದ್ದ ವಾರವೇ ಅವರು ಗಂಟುಮೂಟೆ ಕಟ್ಟಿ ಹೊರಟುಹೋದರು. ಫೋನ್ ಹತ್ತಲಿಲ್ಲ. ಹೋಗುವಾಗ ಮುಖವನ್ನೂ ನೋಡದೆ ಅವಳನ್ನು ಕಳೆದುಕೊಂಡೆ. ಈ ಬಾವು ಮರಳಿ ಬರಲೂಬಹುದು ಎಂದಿದ್ದರು ಡಾಕ್ಟರ್. ಮತ್ತೆ ಊದಿದರೆ ಅವಳ ಮಾತು ಹೇಳುವವರು ಯಾರು... ಇಷ್ಟು ವರ್ಷ ಆ ಅಳುಕು ಬಿಟ್ಟಿರಲಿಲ್ಲ.

ಇವತ್ತು ಸಂಜೆ ಒಣಗಿದ ಬಟ್ಟೆ ತೆಗೆಯುವಾಗ, ಅವಳನ್ನು ಬಲ್ಲ ಪಕ್ಕದ ಮನೆಯ ಧಾರವಾಡದ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವರು ಕ್ಲಿಪ್ಪು ಬಿಚ್ಚುತ್ತಲೇ ಅಂದರು: "ಆಕಿನಾ? ಹೋದ ತಿಂಗಳ ಕುಡಚಡೆ ರೈಲ್ವೆ ಸ್ಟೇಷನ್ನಾಗ ಕಂಡಿದ್ಲಲ್ಲ. ತಲಿ ಮ್ಯಾಲ ಗಂಟು ಇಟ್ಕೊಂಡು ಮೆಟ್ಟಲಾ ಓಡಿ ಹತ್ತಿದ್ಲು. ಕೂಗಿದ್ನಿ, ಹೊಳ್ಳಿ ನೋಡ್ಲಿಲ್ಲ. ಆಕಿ ಹಿಂದ ಓಡಾಕ ನನ್ನ ಮೊಣಕಾಲ ಎಲ್ಲಿ ಕೇಳ್ತಾವ?"