ಹಸನಸಾಬ ಬಿಟ್ಟ ಅರ್ಧ ಹಾಳೆ

ಹಸನಸಾಬ ಹಟಮಾರಿ, ಸೊಕ್ಕಿನವ. ಎದುರಿಗೆ ಕುಳಿತವರ ಸಂಕಟಕ್ಕಿಂತ ಹಾಳೆಯ ನೆತ್ತಿಯ ಮೇಲಿನ ಖಾಲಿ ಜಾಗ ಅವನಿಗೆ ದೊಡ್ಡದು. ಗುಡಗೇರಿಯಲ್ಲಿ ಇದನ್ನು ಅಲ್ಲಗಳೆಯುವವರಿರಲಿಲ್ಲ. ಪಕ್ಕದ ಮನೆಯ ವಿಧವೆ ರಹೀಮಾಬಿಯಂತೂ ಅಲ್ಲಗಳೆಯುತ್ತಿರಲಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಅವನು ಒಂದು ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿದ್ದ. ದಿವಾನರಿಗೂ ಬ್ರಿಟಿಷರ ವಿದೇಶಾಂಗ ಖಾತೆಯ ಸಾಹೇಬರಿಗೂ ನಡೆಯುವ ಪತ್ರಗಳನ್ನು ಚೊಕ್ಕವಾಗಿ ನಕಲು ಮಾಡುವುದು ಅವನ ಕೆಲಸ. ದೊಡ್ಡವರಿಗೆ ಬರೆಯುವಾಗ ಹಾಳೆಯ ಮೇಲಿನ ಅರ್ಧ ಖಾಲಿ ಬಿಡಬೇಕು. ಮೊದಲ ಪತ್ರದಲ್ಲಿ ಕುಶಲ ಮಾತ್ರ, ಉತ್ತರ ಬಂದ ಮೇಲೆ ವಿಷಯದ ಸೂಚನೆ, ಬೇಡಿಕೆ ಕಡೆಗೆ. ಒಂದು ಹುಲ್ಲುಗಾವಲಿನ ಗಡಿಗಾಗಿ ಎರಡೂ ಕಡೆಯವರು ವರ್ಷಗಟ್ಟಲೆ ಹೀಗೆ ಒಬ್ಬರ ಆರೋಗ್ಯವನ್ನೊಬ್ಬರು ವಿಚಾರಿಸಿಕೊಂಡಿದ್ದರು. ಸಂಸ್ಥಾನ ಹೋಯಿತು, ಸಾಹೇಬರು ಹೋದರು. ಪದ್ಧತಿ ಮಾತ್ರ ಎಂಬತ್ತು ದಾಟಿದ ಹಸನಸಾಬನ ಬೆರಳುಗಳಲ್ಲಿ ಉಳಿದಿತ್ತು.

೧೯೮೩ರಲ್ಲಿ ರಹೀಮಾಬಿಯ ಮಗ ಅಬ್ದುಲಗನಿ ಗೌಂಡಿ ಕೆಲಸಕ್ಕೆಂದು ಕೊಲ್ಲಿ ದೇಶಕ್ಕೆ ಹೋಗಿ ಸಿಕ್ಕಿಬಿದ್ದ. ಮಾಲೀಕ ಪಾಸ್‌ಪೋರ್ಟ್ ಕಸಿದಿಟ್ಟುಕೊಂಡು ಬಿಡುತ್ತಿಲ್ಲವೆಂದು, ಅಲ್ಲಿಂದ ಮರಳಿದ ಜಹೀರುದ್ದೀನ ಬಂದು ಹೇಳಿದ. ಅಲ್ಲಿಯ ನಮ್ಮ ರಾಯಭಾರಿಗೆ ಬರೆಯಬೇಕು. ಅಂಥವರಿಗೆ ಬರೆಯಬಲ್ಲವನು ಹಸನಸಾಬನೊಬ್ಬನೇ ಎಂದು ಊರು ನಂಬಿತ್ತು. ರಹೀಮಾಬಿಯೂ ನಂಬಿದಳು.

ಅವನು ಇಂಗ್ಲಿಷಿನಲ್ಲಿ ಬರೆದು ಅರ್ಥ ಹೇಳಿದ.

“ಇದರಾಗ ಗನಿ ಹೆಸರ ಇಲ್ಲಲ್ರಿ ಚಾಚಾ.”

“ಮದಲನೇ ಕಾಗದದಾಗ ಕೆಲಸದ ಮಾತ ಎತ್ತಿದ್ರ ಹಳ್ಳಿ ಗಮಾರರು ಅಂತಾರ.”

“ನಾವು ಹಳ್ಳಿಯವರ ಅದೀವಲ್ರಿ.”

“ನೀ ಅದೀ. ಕಾಗದ ಅಲ್ಲ. ಸುಮ್ನ ಕುಂದ್ರು.”

ಅವಳು ಕುಳಿತಳು. ಅಕ್ಷರ ಬಾರದವಳು ಮತ್ತೇನು ಮಾಡಿಯಾಳು?

ಉತ್ತರ ಬರುವಷ್ಟರಲ್ಲಿ ಬೇಸಗೆ ಕಳೆದು ಮುಂಗಾರಿ ಬಿತ್ತನೆಯೂ ಮುಗಿದಿತ್ತು. ಎರಡೇ ಸಾಲು: ತಮ್ಮ ಹಾರೈಕೆಗೆ ವಂದನೆ, ವಿಷಯವೇನಿದ್ದರೂ ತಿಳಿಸಬೇಕು. ಹಸನಸಾಬ ಹಿಗ್ಗಿದ. “ನೋಡು, ಹಾದಿ ತೆರೀತು.”

ಅದೇ ವಾರ ಜಹೀರುದ್ದೀನ ಮತ್ತೆ ಬಂದ. ಹೊಸದಾಗಿ ಊರಿಗೆ ಮರಳಿದವನೊಬ್ಬ ಅವನಿಗೆ ಸುದ್ದಿ ತಂದಿದ್ದ. ಅಬ್ದುಲಗನಿಯನ್ನು ಮಾಲೀಕ ಮರುಭೂಮಿಯೊಳಗೆ ಎಲ್ಲಿಗೋ ಸಾಗಿಸಿದ್ದಾನೆ. ಎಲ್ಲಿಗೆಂದು ಜೊತೆಯವರಿಗೂ ಗೊತ್ತಿಲ್ಲ.

ರಹೀಮಾಬಿ ಅಳಲಿಲ್ಲ, ಬೈಯಲಿಲ್ಲ. ಬೈದರೆ ಎರಡನೆಯ ಪತ್ರ ಬರೆಯುವವರು ಯಾರು? ಹಸನಸಾಬನ ಹೊಸ್ತಿಲಲ್ಲಿ ಹೋಗಿ ಕುಳಿತು ಸುದ್ದಿ ಹೇಳಿದಳು. “ಈಗ ಅವ ಎಲ್ಲಿ ಅದಾನ ಅಂತ ಬರೀತೀರಿ ಚಾಚಾ?”

ಅವನು ಹಾಳೆ ತೆಗೆದು, ರೂಢಿಯಂತೆ ನಡುವೆ ಮಡಿಸಿ ಗೆರೆ ಮೂಡಿಸಿದ. ಆಮೇಲೆ ಆ ಗೆರೆಯನ್ನು ಉಗುರಿನಿಂದ ತಿಕ್ಕಿ ಅಳಿಸಲು ನೋಡಿದ, ಅದು ಅಳಿಯಲಿಲ್ಲ. ಕಡೆಗೆ ಹಾಳೆಯ ಮೇಲಂಚಿನಿಂದಲೇ ದಪ್ಪ ಅಕ್ಷರಗಳಲ್ಲಿ ಅಬ್ದುಲಗನಿಯ ಹೆಸರು, ಅವನ ಅಪ್ಪನ ಹೆಸರು, ಊರು ಬರೆದ.

“ಅಲ್ಲಿ ಬರೀಬಾರದು ಅಂತಿದ್ರಲ್ರಿ?”

“ಹೆಬ್ಬಟ್ಟ ತಾ” ಎಂದು ಅವಳ ಕೈ ಹಿಡಿದು, ಮಗನ ಹೆಸರಿನ ಪಕ್ಕದಲ್ಲೇ ಒತ್ತಿಸಿದ.